ರೋಗಕ್ಕೆ ಬಾಗಿಲು ತೆಗೆಯುವ ಪ್ರೋಟೀನು: ಒಂದು ಬೀಜದ ಚರಿತ್ರೆ



ಮುಂಗಾರಿಗೆ ಮುಂಚೆ ಸಂಘದ ಗೋದಾಮಿನ ಮುಂದೆ ಬೀಜದ ಚೀಲ ಇಳಿದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಎರಡು. ರೇಟು ಎಷ್ಟು? ರೋಗ ತಡೆಯುತ್ತಾ? ಮೊದಲನೆಯದಕ್ಕೆ ಕಾರ್ಯದರ್ಶಿಗಳು ಪಟ್ಟಿ ನೋಡಿ ಹೇಳುತ್ತಾರೆ. ಎರಡನೆಯದಕ್ಕೆ ಚೀಲದ ಮೇಲೆ "ರೋಗ ನಿರೋಧಕ" ಅಂತ ಅಚ್ಚಾಗಿದ್ದರೆ ಅದನ್ನು ತೋರಿಸುತ್ತೇವೆ. ಆ ಎರಡು ಪದದ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಸಂಘದ ಹುಟ್ಟು, ಬೆಳವಣಿಗೆ, ಲೆಕ್ಕಪತ್ರದ ವಿಷಯ ಈ ಸಂಚಿಕೆಯಲ್ಲಿ ಬಲ್ಲವರು ಬರೆದಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ಓದಿ, ಕೇಳಿ ತಿಳಿದುಕೊಂಡಷ್ಟನ್ನು ಇಲ್ಲಿ ಬರೆಯುತ್ತೇನೆ.

ಈ ಚರಿತ್ರೆ ಶುರುವಾಗುವುದು ಬಾರ್ಲಿಯಿಂದ, ಅಂದರೆ ಜವೆಗೋಧಿಯಿಂದ. ನಮ್ಮ ಕಡೆ ಉಷ್ಣ ಆದಾಗ ಬಾರ್ಲಿ ಗಂಜಿ ಕುಡಿಯುವುದು ಬಿಟ್ಟರೆ ಅದರ ಪರಿಚಯ ಅಷ್ಟಕ್ಕಷ್ಟೆ. ಯುರೋಪಿನಲ್ಲಿ ಮಾತ್ರ ಅದು ಎಕರೆಗಟ್ಟಲೆ ಬೆಳೆಯುವ ಫಸಲು. ಅದಕ್ಕೆ ದೊಡ್ಡ ಶತ್ರು ಬೂದಿ ರೋಗ. ಎಲೆ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಕಾಣುವ ಈ ಬೂಷ್ಟು ಸತ್ತ ಎಲೆಯ ಮೇಲೆ ಬದುಕಲಾರದು. ಜೀವ ಇರುವ ಜೀವಕೋಶದ ಗೋಡೆಗೆ ಸೂಜಿಯಂಥ ಮೊನೆ ಚುಚ್ಚಿ, ಒಳಗೆ ಬೇರಿನಂಥ ಅಂಗ ಬಿಟ್ಟು, ಅಲ್ಲಿಂದ ಆಹಾರ ಹೀರುತ್ತದೆ. ಗೋಡೆ ದಾಟಲು ಆಗದಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯಿತು.

ತಳಿ ವಿಜ್ಞಾನಿಗಳು ಮೊದಲು ಹುಡುಕಿದ್ದು ಕಾವಲುಗಾರರನ್ನು. ಒಳಗೆ ಬಂದ ಬೂಷ್ಟನ್ನು ಗುರುತಿಸಿ ಹಿಡಿಯುವ ಗುಣ ಇರುವ ಗಿಡಗಳನ್ನು ಆರಿಸಿ ಅಡ್ಡತಳಿ ಮಾಡಿದರು. ಅಂಥ ತಳಿ ಕೆಲವು ವರ್ಷ ಚೆನ್ನಾಗಿ ನಿಲ್ಲುತ್ತಿತ್ತು. ಆಮೇಲೆ ಬೂಷ್ಟು ವೇಷ ಬದಲಾಯಿಸಿಕೊಂಡು ಬರುತ್ತಿತ್ತು, ಕಾವಲುಗಾರನಿಗೆ ಗುರುತೇ ಸಿಗುತ್ತಿರಲಿಲ್ಲ. ಹೊಸ ತಳಿ, ಮತ್ತೆ ಹೊಸ ರೋಗ. ನಮ್ಮಲ್ಲೂ ಒಂದು ಕಾಲಕ್ಕೆ ಹೆಸರು ಮಾಡಿದ ತಳಿ ನಾಲ್ಕಾರು ವರ್ಷಕ್ಕೆ "ಈಗ ಅದು ಮೊದಲಿನ ಹಾಗಿಲ್ಲ" ಅನ್ನಿಸಿಕೊಳ್ಳುವುದನ್ನು ಕಂಡಿದ್ದೇವಲ್ಲ.

1942ರಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ಜರ್ಮನಿಯ ಹಾಲೆ ಊರಿನಲ್ಲಿ ಫ್ರೈಸ್ಲೆಬೆನ್ ಮತ್ತು ಲೈನ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವರದಿ ಪ್ರಕಟಿಸಿದರು. ಅವರು ಬೂದಿ ರೋಗ ಹತ್ತುವ ಬಾರ್ಲಿ ಬೀಜಕ್ಕೆ ಎಕ್ಸ್-ರೇ ಹಾಯಿಸಿ ಬಿತ್ತಿದ್ದರು. ಆ ಪೈರಿನಲ್ಲಿ ರೋಗವೇ ತಾಗದ ಒಂದು ಗಿಡ ಸಿಕ್ಕಿತು. ಎಕ್ಸ್-ರೇ ಅಂದರೆ ಏನಾದರೂ ಮುರಿಯುವುದೇ ಹೊರತು ಹೊಸದನ್ನು ಕಟ್ಟುವುದಲ್ಲ. ಹಾಗಿದ್ದ ಮೇಲೆ ಮುರಿದದ್ದು ಏನು, ಅದು ಮುರಿದರೆ ರೋಗ ಯಾಕೆ ಬರಲ್ಲ? ಈ ಪ್ರಶ್ನೆಗೆ ಉತ್ತರ ಸಿಗಲು 55 ವರ್ಷ ಹಿಡಿಯಿತು.

ಈ ಮಧ್ಯೆ ಇನ್ನೊಂದು ಸಂಗತಿ. 1937-38ರಲ್ಲಿ ಜರ್ಮನಿಯವರು ಇಥಿಯೋಪಿಯಾಕ್ಕೆ ಹೋಗಿ ಅಲ್ಲಿನ ರೈತರ ಬಾರ್ಲಿ ಬೀಜ ಸಂಗ್ರಹಿಸಿ ತಂದಿದ್ದರು. ಪರೀಕ್ಷೆ ಮಾಡುತ್ತಾ ಹೋದಾಗ ಅದರಲ್ಲೂ ಇದೇ ಗುಣ ಕಂಡಿತು. ಯಾವ ಎಕ್ಸ್-ರೇಯೂ ಇಲ್ಲದೆ ಅಲ್ಲಿನ ಹೊಲದಲ್ಲಿ ತಾನಾಗಿ ಹುಟ್ಟಿ, ರೈತರು ವರ್ಷ ವರ್ಷ ಬೀಜಕ್ಕೆ ಎತ್ತಿಟ್ಟಿದ್ದರಿಂದ ಉಳಿದುಕೊಂಡ ಗುಣ ಅದು. ಮುಂದೆ ಯುರೋಪಿನ ತಳಿಗಳಲ್ಲಿ ಹೆಚ್ಚಾಗಿ ಬಳಕೆಗೆ ಬಂದದ್ದರಲ್ಲಿ ಈ ಇಥಿಯೋಪಿಯಾದ ಗುಣವೂ ಒಂದು. ಆಫ್ರಿಕಾದ ಋಣ ನಮಗೂ ಉಂಟು. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿಯೇ ಇಂಡಾಫ್ ತಳಿಗಳನ್ನು ಕೊಟ್ಟದ್ದು. ಆ ಹೆಸರಿನಲ್ಲೇ ಇಂಡಿಯಾ, ಆಫ್ರಿಕಾ ಎರಡೂ ಇವೆ.

1997ರಲ್ಲಿ ಶುಲ್ಟ್ಸೆ-ಲೆಫರ್ಟ್ ಎಂಬ ವಿಜ್ಞಾನಿಯ ತಂಡ ಆ ವಂಶವಾಹಿಯನ್ನು ಬಿಡಿಸಿ ನೋಡಿತು. ಅದರ ಹೆಸರು ಎಂಎಲ್‌ಓ. ಅದು ಮಾಡಿಸುವುದು ಒಂದು ಪ್ರೋಟೀನು. ಪ್ರೋಟೀನು ಅಂದರೆ ಬೇಳೆ, ಮೊಟ್ಟೆಯಲ್ಲಿ ಇರುವುದು ಅಂತ ಮಾತ್ರ ನಾವು ತಿಳಿದಿದ್ದೇವೆ. ಜೀವಕೋಶದ ಒಳಗೆ ನಡೆಯುವ ಕೆಲಸವೆಲ್ಲ ಬಹುಮಟ್ಟಿಗೆ ಪ್ರೋಟೀನುಗಳದ್ದೇ. ಈ ಎಂಎಲ್‌ಓ ಪ್ರೋಟೀನು ಕೋಶದ ಪೊರೆಯಲ್ಲಿ, ಹೊಲಿಗೆ ದಾರದಂತೆ ಏಳು ಸಲ ಒಳಗೆ ಹೊರಗೆ ಹಾಯ್ದು ಕೂತಿರುತ್ತದೆ. ಬೂಷ್ಟು ಗೋಡೆ ಚುಚ್ಚಲು ಬಂದಾಗ ಕೋಶ ಆ ಜಾಗದಲ್ಲಿ ಒಳಗಿನಿಂದ ಗಾರೆ ಮೆತ್ತಿದ ಹಾಗೆ ಗೋಡೆ ದಪ್ಪ ಮಾಡಿಕೊಳ್ಳಲು ನೋಡುತ್ತದೆ. ಆ ಕೆಲಸವನ್ನು ಹಿಡಿದು ನಿಲ್ಲಿಸುವುದೇ ಈ ಪ್ರೋಟೀನು! ಅದು ಇಲ್ಲದ ಗಿಡ ಸಕಾಲಕ್ಕೆ ಗಾರೆ ಮೆತ್ತಿ ಬಿಡುತ್ತದೆ, ಬೂಷ್ಟು ಹೊರಗೇ ಉಳಿಯುತ್ತದೆ. ಮನೆಯೊಳಗಿನವನೇ ಚಿಲಕ ತೆಗೆದ ಹಾಗಾಯಿತು. ಈ ಗುಣದ ತಳಿಗಳು ಯುರೋಪಿನ ರೈತರ ಕೈಗೆ ಬರಲು ಶುರುವಾದದ್ದು 1979ರ ಹೊತ್ತಿಗೆ. 40 ವರ್ಷ ದಾಟಿದರೂ ಹೊಲದಲ್ಲಿ ಬೂದಿ ರೋಗಕ್ಕೆ ಅವನ್ನು ಮುರಿಯಲು ಆಗಿಲ್ಲ. ತಳಿ ಲೋಕದಲ್ಲಿ ಇದು ಬಹಳ ದೊಡ್ಡ ಮಾತು.

ಹಾಗಾದರೆ ಈ ಮನೆಮುರುಕ ಪ್ರೋಟೀನನ್ನು ಗಿಡ ಯಾಕೆ ಇಟ್ಟುಕೊಂಡಿದೆ ಅಂತ ಕೇಳಬೇಕಾದ್ದೇ. ಕೆಲಸ ಇಲ್ಲದವನಿಗೆ ಪ್ರಕೃತಿ ಕೂಲಿ ಕೊಡಲ್ಲ. ಅದು ಇಲ್ಲದ ಬಾರ್ಲಿಯಲ್ಲಿ ರೋಗ ಇಲ್ಲದೆಯೂ ಎಲೆ ಮೇಲೆ ಒಣ ಚುಕ್ಕೆ ಬೀಳುತ್ತಿದ್ದವು, ಎಲೆ ಬೇಗ ಹಣ್ಣಾಗುತ್ತಿತ್ತು, ಇಳುವರಿಯೂ ಸ್ವಲ್ಪ ತಗ್ಗುತ್ತಿತ್ತು. ತಳಿಗಾರರು ಬೇರೆ ಬೇರೆ ಬಾರ್ಲಿಗೆ ಕೂಡಿಸಿ ಕೂಡಿಸಿ ಇದನ್ನು ಬಹುಮಟ್ಟಿಗೆ ಸರಿಮಾಡಿದರು. ಆದರೆ 1999ರಲ್ಲಿ ಇನ್ನೊಂದು ವಿಷಯ ತಿಳಿಯಿತು. ಬೂದಿ ರೋಗ ತಾಗದ ಅದೇ ಬಾರ್ಲಿಗೆ ಬೆಂಕಿ ರೋಗದ ಬೂಷ್ಟು ಮಾಮೂಲಿ ಬಾರ್ಲಿಗಿಂತ ಜೋರಾಗಿ ಹತ್ತಿತು. ನಮ್ಮ ಭತ್ತ, ರಾಗಿಯ ಕುತ್ತಿಗೆ ಮುರಿಯುತ್ತದಲ್ಲ, ಅದೇ ಜಾತಿಯ ಬೂಷ್ಟು.

ಇದನ್ನು ಓದಿದಾಗ ನನಗೆ ನಮ್ಮ ಕೆಳಗಿನ ಬಯಲಿನ ಗದ್ದೆಗಳೇ ಕಣ್ಣ ಮುಂದೆ ಬಂದವು. ಒಂದು ವರ್ಷ ತೆನೆ ಹೊರಡುವ ಹೊತ್ತಿಗೆ ಮೋಡ ಮುಚ್ಚಿ, ಮಂಜು ಬಿದ್ದು, ನಿಂತ ಭತ್ತವೆಲ್ಲ ಕುತ್ತಿಗೆ ಬೆಂಕಿ ರೋಗದಿಂದ ಬೆಳ್ಳಗಾಗಿ ಜೊಳ್ಳಾಯಿತು. ಪೇಟೆ ಅಂಗಡಿಯವರು ರೋಗ ನಿರೋಧಕ ಅಂತ ಹೇಳಿಯೇ ಕೊಟ್ಟ ಬೀಜ. ನಿರೋಧಕ, ಸರಿ, ಯಾವ ರೋಗಕ್ಕೆ? ಅದನ್ನು ಅವರೂ ಹೇಳಲಿಲ್ಲ, ಚೀಲವೂ ಹೇಳಲಿಲ್ಲ. (ಯೂರಿಯ ಜಾಸ್ತಿ ಸುರಿದ ಗದ್ದೆಯಲ್ಲಿ ಬೆಂಕಿ ರೋಗ ಇನ್ನೂ ಹೆಚ್ಚು ಅನ್ನುವುದೂ ನಿಜ, ಅದು ಬೇರೆ ಜಗಳ.)

ಗೋಧಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಗೋಧಿಯಲ್ಲಿ ಈ ವಂಶವಾಹಿ ಮೂರು ಪ್ರತಿ ಇದೆ. ಮೂರೂ ಒಟ್ಟಿಗೆ ತಾವಾಗಿ ಕೆಡುವುದು ಕನಸಿನ ಮಾತು. 2014ರಲ್ಲಿ ಚೀನಾದ ವಿಜ್ಞಾನಿಗಳು ಕತ್ತರಿಯಂಥ ಹೊಸ ತಂತ್ರದಿಂದ ಮೂರನ್ನೂ ಕತ್ತರಿಸಿದರು. ಬೂದಿ ರೋಗ ನಿಂತಿತು, ಗಿಡದ ಬೆಳವಣಿಗೆ ಕುಗ್ಗಿತು. ಆದರೆ ಒಂದು ಗಿಡ ಮಾತ್ರ ದಷ್ಟಪುಷ್ಟವಾಗಿತ್ತು. 2022ರಲ್ಲಿ ಅದರ ಕಾರಣ ಹೊರಬಿತ್ತು. ಆ ಗಿಡದಲ್ಲಿ ಅಕ್ಕಪಕ್ಕದ ದೊಡ್ಡ ತುಂಡೇ ಹಾರಿಹೋಗಿ, ನೆರೆಯ ಇನ್ನೊಂದು ವಂಶವಾಹಿ ಚುರುಕಾಗಿ ನಷ್ಟ ತುಂಬಿಕೊಟ್ಟಿತ್ತು.

ನಮಗೆ ಹತ್ತಿರದ್ದು ಭತ್ತ, ಅದನ್ನು ಕೊನೆಗೆ ಇಟ್ಟುಕೊಂಡೆ. ಜಪಾನಿನಲ್ಲಿ ಮಳೆಯಾಶ್ರಯದ ಹೊಲದಲ್ಲಿ ಬೆಳೆಯುವ ಓವಾರಿಹಾತಾಮೋಚಿ ಎಂಬ ಹಳೇ ಭತ್ತ ಇದೆ. ಬೆಂಕಿ ರೋಗ ಬಂದರೂ ಅದರಲ್ಲಿ ಮುಂದಕ್ಕೆ ಹಬ್ಬಲ್ಲ. ಆ ಗುಣವನ್ನು ಗದ್ದೆ ಭತ್ತಕ್ಕೆ ತರಲು ಹೋದಾಗಲೆಲ್ಲ ಅನ್ನದ ರುಚಿ ಕೆಡುತ್ತಿತ್ತು. ಜಪಾನಿನವರು ರುಚಿ ಬಿಟ್ಟು ಕೊಡುವವರಲ್ಲ, ನಾವೂ ಅಲ್ಲ. 2009ರಲ್ಲಿ ಫುಕುವೋಕಾ ಎಂಬುವರ ತಂಡ ಗುಟ್ಟು ಬಿಡಿಸಿತು. ಪಿಐ-21 ಎಂಬ ಪ್ರೋಟೀನು ಗಿಡದ ಎದುರೇಟನ್ನು ನಿಧಾನ ಮಾಡುತ್ತದೆ. ಹಳೇ ಭತ್ತದಲ್ಲಿ ಅದರ ವಂಶವಾಹಿಯ ಎರಡು ತುಣುಕು ಕಾಣೆ, ಹಾಗಾಗಿ ಆ ಅಡ್ಡಿ ಇಲ್ಲ. ರುಚಿ ಕೆಡಿಸುತ್ತಿದ್ದದ್ದು ಅದಲ್ಲವೇ ಅಲ್ಲ, ಅದಕ್ಕೆ ಅಂಟಿಕೊಂಡೇ ಕೂತಿದ್ದ ಪಕ್ಕದ ಇನ್ನೊಂದು ವಂಶವಾಹಿ. ಸಾಲು ಸಾಲು ಪೈರು ಪರೀಕ್ಷಿಸಿ, ಎರಡೂ ಬೇರೆಯಾದ ಗಿಡವನ್ನು ಹುಡುಕಿ ತೆಗೆದರು. ಅದರಲ್ಲಿ ಬೆಂಕಿ ರೋಗ ತಡೆಯುವ ಗುಣ ಉಳಿಯಿತು, ಅನ್ನವೂ ರುಚಿಯಾಗಿತ್ತು.