ಪರಿಚಯದ ಸಹಿ

ಮೊನ್ನೆ ಲಾಲ್‌ಬಾಗಿನ ವಾಯುವಿಹಾರ ಮುಗಿಸಿ ಮಾವಳ್ಳಿಯ ಕಡೆಗೆ ಬರುತ್ತಿದ್ದಾಗ ಒಂದು ಮೊಳ ಮಲ್ಲಿಗೆ ಕೊಂಡೆನು. ನೋಟು ತೆಗೆಯುವಷ್ಟರಲ್ಲಿ ಹೂವಾಡಗಿತ್ತಿಯು ಬುಟ್ಟಿಗೆ ಒರಗಿಸಿದ್ದ ಕ್ಯೂಆರ್ ಫಲಕವನ್ನು ತೋರಿಸಿ, "ಚಿಲ್ಲರೆ ಇಲ್ಲ ಸ್ವಾಮಿ, ಸ್ಕ್ಯಾನ್ ಮಾಡಿ" ಎಂದಳು. ಆ ಮಾತು ನನ್ನನ್ನು ಬಹಳ ಹಿಂದಕ್ಕೆ ಒಯ್ದಿತು.

ನಮ್ಮ ಸೀಮೆಗೆ ಬ್ಯಾಂಕು ಹೊಸದೇನಲ್ಲ. ಮೈಸೂರು ಸಂಸ್ಥಾನದಲ್ಲಿ ಸಹಕಾರ ಸಂಘಗಳ ಕಾಯಿದೆ ಬಂದುದು 1905ರಲ್ಲಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕು ಸ್ಥಾಪನೆಯಾಯಿತು. 2017ರಲ್ಲಿ ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದರೂ ಮೈಸೂರು ಬ್ಯಾಂಕ್ ವೃತ್ತದ ಹೆಸರು ಜನರ ನಾಲಿಗೆಯಲ್ಲಿ ಉಳಿದಿದೆ. ಕರಾವಳಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಹಣವನ್ನೂ ಸ್ವೀಕರಿಸಿ ಲೆಕ್ಕ ಬರೆದುಕೊಳ್ಳುತ್ತಿದ್ದನು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವವರ ಬಳಿಗೆ ಬ್ಯಾಂಕೇ ನಡೆದು ಬಂದ ಕಥೆಯಿದು.

1969ರ ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ಶಾಖೆಗಳು ಹೆಚ್ಚಿದವು. ಆದರೆ ಬಾಗಿಲಿನಲ್ಲಿ ಒಂದು ಅಡ್ಡಗೋಲು ಉಳಿಯಿತು. ಖಾತೆ ತೆರೆಯಬೇಕಾದರೆ, ಆಗಲೇ ಖಾತೆಯಿರುವವರೊಬ್ಬರು ಪರಿಚಯದ ಸಹಿ ಹಾಕಬೇಕಿತ್ತು. ಬಡವರ ಪರಿಚಿತರೂ ಬಡವರೇ; ಸಹಿ ಹಾಕುವವರಾರು?

ಇಲ್ಲಿ ನನ್ನದೊಂದು ತಪ್ಪನ್ನು ಹೇಳಲೇಬೇಕು. ನಾನು ಉಪಾಧ್ಯಾಯನಾದ ಹೊಸತರಲ್ಲಿ, ಮನೆಗೆಲಸ ಮಾಡಿ ಜೀವಿಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ತಾಯಿ ಬಂದು, "ಮೇಷ್ಟ್ರೇ, ಒಂದು ಸಹಿ ಹಾಕಿಕೊಡಿ" ಎಂದು ಬೇಡಿದಳು. ನಾಳೆ ತೊಂದರೆಯಾದರೆ ನನ್ನ ಹೆಸರು ಬರುವುದಲ್ಲ ಎಂಬ ಹೆದರಿಕೆಯಿಂದ "ನೋಡೋಣ" ಎಂದೆನು. ಅವಳು ಮತ್ತೆ ಕೇಳಲಿಲ್ಲ. ಉಳಿತಾಯವನ್ನೆಲ್ಲ ಬೀದಿಯ ಚೀಟಿಗೆ ಕಟ್ಟಿದಳು. ಚೀಟಿ ನಡೆಸುತ್ತಿದ್ದವನು ಒಂದು ರಾತ್ರಿ ಊರು ಬಿಟ್ಟನು. ಮರುವರ್ಷ ಆ ಹುಡುಗಿ ಶಾಲೆಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ಹೊಡೆದುಹಾಕಿದವನು ನಾನೇ.

ಆ ಅಡ್ಡಗೋಲು ಬಿದ್ದುದು ಬಹಳ ತಡವಾಗಿ. 2005ರಲ್ಲಿ ರಿಸರ್ವ್ ಬ್ಯಾಂಕು ಸರಳ ಖಾತೆಗಳಿಗೆ ದಾರಿ ತೋರಿತು. 2014ರ ಆಗಸ್ಟ್‌ನಲ್ಲಿ ಜನಧನ ಯೋಜನೆ ಬಂದಿತು. 2016ರಲ್ಲಿ ಯುಪಿಐ ಆರಂಭವಾಯಿತು. ಫಲಕದಲ್ಲಿರುವ ಚುಕ್ಕೆಗಳ ಚೌಕವು ಖಾತೆಗೆ ದಾರಿ ತೋರುವ ವಿಳಾಸವಷ್ಟೆ. ಹಿಂದೆ ಖಾತೆಯಿಲ್ಲದಿದ್ದರೆ ಅದು ಬರಿಯ ಕಾಗದ.

ಹೊಸ ದಾರಿಗೆ ಹೊಸ ಅಂಜಿಕೆಯೂ ಉಂಟು. 2025ರ ಜುಲೈನಲ್ಲಿ ಯುಪಿಐ ಲೆಕ್ಕದ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ತೆರಿಗೆಯ ನೋಟೀಸುಗಳು ಬಂದಾಗ ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ "ನಗದು ಮಾತ್ರ" ಎಂಬ ಬರಹಗಳು ಕಾಣಿಸಿಕೊಂಡವು. ಲೆಕ್ಕ ಬರೆಯುವುದನ್ನೂ ನಿಯಮವನ್ನೂ ಯಾರೂ ಅವರಿಗೆ ತಿಳಿಯಹೇಳಿರಲಿಲ್ಲ. ಯಂತ್ರವು ಪರಿಚಯದ ಸಹಿ ಕೇಳುವುದಿಲ್ಲ, ನಿಜ. ಆದರೆ ಧೈರ್ಯ ಹೇಳುವ ಮನುಷ್ಯನು ಈಗಲೂ ಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಬ್ಯಾಂಕಿನವರೂ ಲೆಕ್ಕಪರಿಶೋಧಕರೂ ಇದ್ದೀರಿ. ನಿಮ್ಮ ಮನೆಗೆ ಹೂವು, ಹಾಲು ತರುವವರು ಏನಾದರೂ ಕೇಳಿದರೆ "ನೋಡೋಣ" ಎನ್ನಬೇಡಿರಿ. ಕುಳ್ಳಿರಿಸಿ ಹೇಳಿಕೊಡಿರಿ. ನಿಮ್ಮ ಮೇಷ್ಟ್ರು ಮಾಡದೆ ಉಳಿಸಿದ ಕೆಲಸವದು.