ಕಡೆಗೋಲಿನ ನಂಟ ಲೇತ್: ಉಳಿ ಹಿಡಿಯುವ ಹಳೆಯ ಪಾಠ

ಮಜ್ಜಿಗೆ ಮಾಡುವುದಕ್ಕೂ ಮರದ ಬುಗುರಿ ಮಾಡುವುದಕ್ಕೂ ಕನ್ನಡದಲ್ಲಿ ಒಂದೇ ಮಾತು: ಕಡೆಯುವುದು. ತಮಿಳಿನಲ್ಲೂ ಹೀಗೆಯೇ. ಎರಡೂ ಕೆಲಸಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಕಡೆಗೋಲಿಗೆ ಹಗ್ಗ ಸುತ್ತಿ ತುದಿಗಳನ್ನು ಒಮ್ಮೆ ಇತ್ತ, ಒಮ್ಮೆ ಅತ್ತ ಎಳೆದರೆ ಕೋಲು ಹಿಂದೆ ಮುಂದೆ ತಿರುಗುತ್ತದೆ. ಆ ಕೋಲನ್ನು ಅಡ್ಡಲಾಗಿ ಮಲಗಿಸಿ, ಎರಡು ಮೊನೆಗಳ ನಡುವೆ ಸಿಕ್ಕಿಸಿ, ತಿರುಗುವ ಮರಕ್ಕೆ ಉಳಿ ಒಡ್ಡಿದರೆ ಅದೇ ಲೇತ್. ಬೇಲೂರು, ಹಳೇಬೀಡು, ಲಕ್ಕುಂಡಿಗಳ ದೇಗುಲಗಳಲ್ಲಿ ಬಳೆ ತೊಡಿಸಿದಂತೆ ನಿಂತಿರುವ ನುಣುಪು ಕಂಬಗಳನ್ನು ಜನ ಇಂದಿಗೂ ಕಡೆದ ಕಂಬ ಎಂದೇ ಕರೆಯುತ್ತಾರೆ.

ಲೇತ್‌ನ ಅತಿ ಹಳೆಯ ಚಿತ್ರಗಳಲ್ಲೊಂದು ಈಜಿಪ್ಟಿನಲ್ಲಿದೆ. ಕ್ರಿಸ್ತಪೂರ್ವ 4ನೇ ಶತಮಾನದ ಕೊನೆಯ ಹೊತ್ತಿನ ಪೆಟೊಸಿರಿಸ್ ಎಂಬ ಪುರೋಹಿತನ ಸಮಾಧಿಯ ಗೋಡೆಯಲ್ಲಿ ಇಬ್ಬರು ಕೆಲಸಗಾರರು ಎದುರುಬದುರಾಗಿದ್ದಾರೆ. ಒಬ್ಬ ಹಗ್ಗ ಎಳೆಯುತ್ತಿದ್ದಾನೆ, ಇನ್ನೊಬ್ಬ ಉಳಿ ಹಿಡಿದಿದ್ದಾನೆ. ಕಡೆಯುವ ಕಸುಬನ್ನು ಕಲಿಯಲು ಬಂದವನಿಗೆ ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿರಲಾರದು. ಹಗ್ಗ ಎಳೆಯುವವನು ದಿನವಿಡೀ ನುರಿತ ಕೈಯನ್ನು ಒಂದು ಮಾರಿನ ದೂರದಿಂದ ನೋಡಬಹುದು. ಅದೂ ಒಂದು ತುಂಡು ಮರವನ್ನೂ ಕೆಡಿಸದೆ.

ನಮ್ಮ ದೇಶದಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಬಿಲ್ಲಿನ ಲೇತ್. ಇಲ್ಲಿ ಎರಡನೆಯ ಆಳು ಬೇಕಿಲ್ಲ. ಕಸುಬುದಾರ ನೆಲದ ಮೇಲೆ ಕುಳಿತು ಬಲಗೈಯಲ್ಲಿ ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಾನೆ. ಎಡಗೈಯಲ್ಲಿ ಉಳಿ, ಅದು ಜಾರದಂತೆ ಹಿಡಿಯುವುದು ಕಾಲಿನ ಹೆಬ್ಬೆರಳು! ಮರ ತನ್ನತ್ತ ತಿರುಗುವಾಗ ಮಾತ್ರ ಉಳಿ ಕೊಯ್ಯುತ್ತದೆ. ಬಿಲ್ಲು ಮರಳುವಾಗ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತೆಗೆಯಬೇಕು, ಮತ್ತೆ ಅದೇ ಜಾಗಕ್ಕೆ ತರಬೇಕು. ಇದನ್ನು ನಿಮಿಷಕ್ಕೆ ಹತ್ತಾರು ಸಲ, ಯೋಚಿಸದೆ ಮಾಡುವ ಹಂತ ಮುಟ್ಟುವುದೇ ಮೊದಲ ಪಾಠ. ಚಿಕ್ಕಂದಿನಲ್ಲೇ ಕೂರಿಸದಿದ್ದರೆ ಈ ಕೆಲಸ ಬಾರದು ಎಂಬ ನಂಬಿಕೆ ಬೆಳೆದಿದ್ದರೆ ತಪ್ಪೇನಿಲ್ಲ.

ಯುರೋಪಿನವರು ಕೈ ಬಿಡಿಸಿ ಕಾಲಿಗೆ ಕೆಲಸ ಕೊಟ್ಟರು. ಬಾಗುವ ಗಳುವೊಂದನ್ನು ಮೇಲೆ ಕಟ್ಟಿ, ಹಗ್ಗವನ್ನು ಮರಕ್ಕೆ ಸುತ್ತಿ ಕೆಳಗಿನ ಮೆಟ್ಟುಹಲಗೆಗೆ ಬಿಗಿದರು. ಎರಡೂ ಕೈ ಉಳಿಗೇ ಸಿಕ್ಕವು. ಆದರೂ ಕಲಿಕೆಯ ಅವಧಿ ಕುಗ್ಗಲಿಲ್ಲ. ಇಂಗ್ಲೆಂಡಿನಲ್ಲಿ 1563ರ ಕಾಯಿದೆ ಕಸುಬು ಕಲಿಯುವವನಿಗೆ ಏಳು ವರ್ಷದ ಶಿಷ್ಯವೃತ್ತಿ ವಿಧಿಸಿತ್ತು. ಲಂಡನ್ನಿನ ಕಡೆಯುವವರ ಸಂಘಕ್ಕೆ 1604ರಲ್ಲಿ ರಾಜಸನದು ದೊರೆಯಿತು.

ಈ ಗುಟ್ಟನ್ನು ಪುಸ್ತಕಕ್ಕೆ ಇಳಿಸಿದವರಲ್ಲಿ ಮೊದಲಿಗರು ಫ್ರಾನ್ಸಿನ ಪಾದ್ರಿ ಚಾರ್ಲ್ಸ್ ಪ್ಲುಮಿಯೆ. ಕಡೆಯುವ ಕಲೆಯ ಬಗ್ಗೆ ಅವರು ಬರೆದ ಸಚಿತ್ರ ಗ್ರಂಥ 1701ರಲ್ಲಿ ಲಿಯೋನ್ ನಗರದಲ್ಲಿ ಅಚ್ಚಾಯಿತು. ಪ್ಲುಮಿಯೆ ಸಸ್ಯಶಾಸ್ತ್ರಜ್ಞರೂ ಹೌದು. ನಮ್ಮ ಗುಡಿಗಳ ಅಂಗಳದಲ್ಲಿ ಬೆಳೆಯುವ ದೇವಕಣಗಿಲೆಯ ವೈಜ್ಞಾನಿಕ ಹೆಸರು ಪ್ಲುಮೇರಿಯ. ಅದು ಅವರದೇ ನೆನಪಿನದು.

1800ರ ಸುಮಾರಿಗೆ ಹೆನ್ರಿ ಮಾಡ್ಸ್ಲೆ ಲೋಹದ ಲೇತ್‌ನಲ್ಲಿ ಉಳಿಯನ್ನು ಮನುಷ್ಯನ ಕೈಯಿಂದ ತೆಗೆದು, ತಿರುಪಿನಿಂದ ಸರಿಯುವ ಕಬ್ಬಿಣದ ಹಿಡಿಕೆಗೆ ಸಿಕ್ಕಿಸಿದರು. ಕೈಗಾರಿಕಾ ಕ್ರಾಂತಿಯ ಯಂತ್ರಗಳು ಹುಟ್ಟಿದ್ದು ಅಲ್ಲಿಂದ. ಮರದ ಸಣ್ಣ ಕೆಲಸದಲ್ಲಿ ಮಾತ್ರ ಉಳಿ ಬಹುಮಟ್ಟಿಗೆ ಕೈಯಲ್ಲೇ ಉಳಿಯಿತು. ವಿದ್ಯುತ್ ಮೋಟಾರು ಬಂದು ಮರ ಒಂದೇ ದಿಕ್ಕಿಗೆ, ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗತೊಡಗಿದಾಗ ಹೊಸಬನಿಗೆ ಅನುಕೂಲವೇ ಆಯಿತು ಎನ್ನಬಹುದು. ಆದರೆ ಬಿಲ್ಲಿನಲ್ಲಿ ತಪ್ಪಿದರೆ ಮರ ನಿಲ್ಲುತ್ತಿತ್ತು. ಮೋಟಾರಿನಲ್ಲಿ ತಪ್ಪಿದರೆ ಉಳಿ ಕಚ್ಚಿಕೊಳ್ಳುತ್ತದೆ, ತುಂಡು ಹಾರುತ್ತದೆ. ಸಡಿಲ ತೋಳಾಗಲಿ ಸೆರಗಾಗಲಿ ಹತ್ತಿರ ಸುಳಿಯುವಂತಿಲ್ಲ.

ಹಾಗಾಗಿ ಮೊದಲ ಅಭ್ಯಾಸ ಎಲ್ಲ ಕಡೆಯೂ ಒಂದೇ: ಚೌಕ ತುಂಡನ್ನು ಉರುಳೆ ಮಾಡುವುದು, ಅಂದರೆ ಲಟ್ಟಣಿಗೆಯ ಆಕಾರಕ್ಕೆ ತರುವುದು. ಉಳಿ ಮೊದಲು ತನ್ನ ಆಸರೆ ಪಟ್ಟಿಯ ಮೇಲೆ ಕೂರಬೇಕು. ಅಲಗನ್ನು ನೇರವಾಗಿ ಮರಕ್ಕೆ ಒತ್ತಬಾರದು. ಅಲಗಿನ ಹಿಂದಿನ ಓರೆ ಭಾಗ ಮರವನ್ನು ಸವರಬೇಕು. ಹಿಡಿಯನ್ನು ಮೆಲ್ಲಗೆ ಎತ್ತುತ್ತ ಹೋದರೆ ಒಂದು ಹಂತದಲ್ಲಿ ಅಲಗು ತಾನಾಗಿ ಕೊಯ್ಯತೊಡಗುತ್ತದೆ. ಸಿಪ್ಪೆ ಉದ್ದುದ್ದ ಸುರುಳಿಯಾಗಿ ಬಂದರೆ ಕೈ ಸರಿಯಿದೆ ಎಂದರ್ಥ; ಬರೀ ಪುಡಿ ಉದುರಿದರೆ ಕೊಯ್ಯುತ್ತಿಲ್ಲ, ಕೆರೆಯುತ್ತಿದ್ದಾನೆ. ಉರುಳೆ ಪಳಗಿದ ಮೇಲೆ ಮಣಿಯಂಥ ಉಬ್ಬು, ಆಮೇಲೆ ತಗ್ಗು. ಎರಡರಲ್ಲೂ ಉಳಿ ದಪ್ಪ ಭಾಗದಿಂದ ಸಣ್ಣ ಭಾಗಕ್ಕೆ ಇಳಿಯಬೇಕೇ ಹೊರತು ಏರಬಾರದು. ಏರಿದರೆ ಮರದ ಎಳೆ ಸೀಳುತ್ತದೆ.

ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣದ ಗೊಂಬೆಗಳ ಹಿಂದಿರುವುದು ಇದೇ ಪಾಠ. ಟಿಪ್ಪು ಸುಲ್ತಾನ್ ಪರ್ಷಿಯದ ಕುಶಲಕರ್ಮಿಗಳನ್ನು ಕರೆಸಿ ಇದನ್ನು ಕಲಿಸಿದ ಎಂಬುದು ಪ್ರಚಲಿತ ಹೇಳಿಕೆ. 20ನೇ ಶತಮಾನದಲ್ಲಿ ಜಪಾನಿನ ವಿಧಾನಗಳನ್ನು ತಂದು ಕಸುಬನ್ನು ತಿದ್ದಿದವರೆಂದು ಬಾವಾಸ್ ಮಿಯಾ ಅವರನ್ನು ಊರು ನೆನೆಯುತ್ತದೆ. ಇಲ್ಲಿನ ಕೈಗೆ ಒಗ್ಗಿದ್ದು ಬೆಳ್ಳಗಿನ, ಮೆತುವಾದ, ನವಿರು ಎಳೆಯ ಆಲೆ ಮರ. ಕಲಿಯುವವನಿಗೆ ಇಷ್ಟು ದಯೆ ತೋರುವ ಮರ ಅಪರೂಪ.

ಚನ್ನಪಟ್ಟಣದ ಹೊಸಬ ಇನ್ನೊಂದು ಪಾಠವನ್ನೂ ಕಲಿಯಬೇಕು. ಗೊಂಬೆಗೆ ಬಣ್ಣ ಹಚ್ಚಲು ಇಲ್ಲಿ ಕುಂಚವಿಲ್ಲ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ತಾಳೆಗರಿ ಎಂದು ಸ್ಥಳೀಯರು ಕರೆಯುವ ಒಣ ಗರಿಯನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪೇರುತ್ತದೆ. ಒತ್ತಡ ಕಡಿಮೆಯಾದರೆ ಅರಗು ಕರಗದು, ಹೆಚ್ಚಾದರೆ ಪಟ್ಟೆ ಪಟ್ಟೆಯಾಗಿ ಮೆತ್ತಿಕೊಳ್ಳುತ್ತದೆ. ಎಷ್ಟು ಎಂಬುದಕ್ಕೆ ಅಳತೆಗೋಲಿಲ್ಲ.

2005–06ರ ಸಾಲಿನಲ್ಲಿ ಈ ಆಟಿಕೆಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. 2015ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ದೆಹಲಿಯ ರಾಜಪಥದಲ್ಲಿ ಅವು ಸಾಗಿದವು. ಹೆಸರಿಗೆ ರಕ್ಷಣೆ ಬಂತು. ಕಲಿಯುವ ಕೈಗೆ ಬಂದಿತೇ ಎಂಬುದು ಬೇರೆ ಮಾತು. ತುಂಡಿನ ಲೆಕ್ಕದಲ್ಲಿ ಕೂಲಿ ಕೊಡುವ ಕಡೆ, ತಿಂಗಳುಗಟ್ಟಲೆ ಮರ ಕೆಡಿಸುವವನಿಗೆ ಏನೂ ಹುಟ್ಟುವುದಿಲ್ಲ. ಹಿಂದೆ ಆ ನಷ್ಟವನ್ನು ಮನೆ ಹೊರುತ್ತಿತ್ತು, ಏಕೆಂದರೆ ಕಲಿಯುವವನು ಮನೆಯ ಮಗನೇ. ಈಗ ಆ ಮಗ ಬೆಂಗಳೂರಿನ ಬಸ್ಸು ಹಿಡಿದರೆ ಅವನನ್ನು ದೂರುವಂತಿಲ್ಲ. ಅವನು ಬಿಟ್ಟ ಜಾಗದಲ್ಲಿ ಹಲವೆಡೆ ಹೆಂಗಸರು ಕುಳಿತಿದ್ದಾರೆ. ತಲೆಮಾರುಗಳ ಕಾಲ ಹೆಚ್ಚಾಗಿ ಗಂಡಸರದೇ ಆಗಿದ್ದ ಉಳಿಯನ್ನು ಹಿಡಿದು, ಆಲೆ ಮರದ ಚೌಕ ತುಂಡನ್ನು ಉರುಳೆ ಮಾಡುವಲ್ಲಿಂದಲೇ ಅವರೂ ಶುರು ಮಾಡಿದ್ದಾರೆ.