ರೆಡ್ ಸ್ಪೆಷಲ್ ಗಿಟಾರಿನ ನಾದ: ಅದರ ಉಗಮ ಮತ್ತು ಪುನಾರಚನೆ

ಶಾಸನ, ನಾಣ್ಯ, ಕಡತ, ಕಟ್ಟಡ ಇವು ಇತಿಹಾಸಕಾರನಿಗೆ ಚಿರಪರಿಚಿತವಾದ ಆಕರಗಳು. ನಾದವಾದರೋ ಹುಟ್ಟಿದ ಕ್ಷಣದಲ್ಲಿಯೇ ಅಳಿಯುವಂಥದು. ೧೮೭೭ರಲ್ಲಿ ಎಡಿಸನ್ ಫೋನೋಗ್ರಾಫನ್ನು ನಿರ್ಮಿಸಿದ ತರುವಾಯ ನಾದವನ್ನು ಹಿಡಿದಿಟ್ಟು ಮರಳಿ ಕೇಳುವುದು ಸಾಧ್ಯವಾಯಿತು. ಆದರೆ ಧ್ವನಿಮುದ್ರಿಕೆಯು ನಾದ ಹೇಗಿತ್ತೆಂಬುದನ್ನು ತಿಳಿಸುತ್ತದೆಯೇ ಹೊರತು ಅದು ಹೇಗೆ ಉಂಟಾಯಿತೆಂಬುದನ್ನು ತಿಳಿಸುವುದಿಲ್ಲ. ಇಂಗ್ಲೆಂಡಿನ ಕ್ವೀನ್ ವಾದ್ಯವೃಂದದ ಗಿಟಾರುವಾದಕರಾದ ಬ್ರಿಯಾನ್ ಮೇ ಅವರ ನಾದವನ್ನು ತಮ್ಮ ಮನೆಗಳಲ್ಲಿ ಮರಳಿ ಪಡೆಯಲು ಹವಣಿಸುವವರು ಇಂದು ಅನೇಕ ದೇಶಗಳಲ್ಲಿದ್ದಾರೆ. ಇದನ್ನು ಹವ್ಯಾಸಿಗಳ ವಿನೋದವೆಂದು ಬದಿಗಿರಿಸಬಹುದು. ಆದರೆ ಇದರಲ್ಲಿ ಇತಿಹಾಸದ ಪ್ರಶ್ನೆಯೊಂದು ಅಡಗಿದೆ. ಹಿಂದಿನದೊಂದನ್ನು 'ಅದೇ' ಎನ್ನಿಸುವಂತೆ ಮರಳಿ ಕಟ್ಟಬೇಕಾದರೆ ಉಳಿಸಿಕೊಳ್ಳಬೇಕಾದುದು ಅದರ ವಸ್ತುಗಳನ್ನೋ, ಆ ವಸ್ತುಗಳ ಪರಸ್ಪರ ಸಂಬಂಧವನ್ನೋ? ಈ ಪ್ರಶ್ನೆಯನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧

ಒಂದೇ ಸ್ವರವನ್ನು ವೀಣೆಯಲ್ಲಿಯೂ ಕೊಳಲಿನಲ್ಲಿಯೂ ನುಡಿಸಿದರೆ ಕಿವಿಯು ಭೇದವನ್ನು ಗುರುತಿಸುತ್ತದೆ. ಈ ಭೇದಕ್ಕೆ ಕಾರಣವಾದ ಲಕ್ಷಣವನ್ನು ನಾವು ಇಲ್ಲಿ ನಾದಗುಣವೆಂದು ಕರೆಯುತ್ತೇವೆ. ವಿದ್ಯುತ್ ಗಿಟಾರಿನಲ್ಲಿ ನಾದಗುಣವು ಮರ ಮತ್ತು ತಂತಿಗಳಿಂದ ಮಾತ್ರ ನಿರ್ಣಯವಾಗುವುದಿಲ್ಲ. ಉಕ್ಕಿನ ತಂತಿಯ ಕಂಪನವನ್ನು ಪಿಕಪ್ ಎಂಬ ಅಯಸ್ಕಾಂತಸಹಿತ ಸುರುಳಿಯು ವಿದ್ಯುತ್ತಾಗಿ ಪರಿವರ್ತಿಸುತ್ತದೆ. ಆಂಪ್ಲಿಫೈಯರು ಅದನ್ನು ಬಲಪಡಿಸುತ್ತದೆ. ಸ್ಪೀಕರು ಅದನ್ನು ಮತ್ತೆ ಗಾಳಿಯ ಕಂಪನವಾಗಿಸುತ್ತದೆ. ಆದುದರಿಂದ ಇಲ್ಲಿ ವಾದ್ಯವೆಂದರೆ ಒಂದು ಸರಪಳಿ. ಗಿಟಾರು ಅದರ ಒಂದು ಕೊಂಡಿ ಮಾತ್ರ.

ಆಂಪ್ಲಿಫೈಯರಿನ ವಾಲ್ವುಗಳಿಗೆ ಅವುಗಳ ಶಕ್ತಿಯನ್ನು ಮೀರಿದ ಸಂಕೇತವನ್ನು ಹಾಯಿಸಿದರೆ ಅಲೆಯ ತುದಿಗಳು ಮೊಟಕಾಗಿ, ಮೂಲದಲ್ಲಿಲ್ಲದ ಹೊಸ ಅನುಸ್ವರಗಳು ಹುಟ್ಟುತ್ತವೆ. ಮೊದಲಿನ ಇಂಜಿನಿಯರರು ಇದನ್ನು ದೋಷವೆಂದು ಎಣಿಸಿದ್ದರು. ರಾಕ್ ಸಂಗೀತಗಾರರು ಇದನ್ನೇ ಗುಣವಾಗಿ ಸ್ವೀಕರಿಸಿದರು. ಕಿಂಕ್ಸ್ ವೃಂದದ ಡೇವ್ ಡೇವೀಸ್ ತನ್ನ ಚಿಕ್ಕ ಆಂಪ್ಲಿಫೈಯರಿನ ಸ್ಪೀಕರು ಕಾಗದವನ್ನು ಬ್ಲೇಡಿನಿಂದ ಸೀಳಿ ಪಡೆದ ಒರಟು ಧ್ವನಿಯು ೧೯೬೪ರ ಮುದ್ರಿಕೆಯೊಂದರಲ್ಲಿ ಪ್ರಸಿದ್ಧವಾಯಿತು. ಕೆಡಿಸುವುದರಿಂದಲೇ ಹೊಸದನ್ನು ಪಡೆಯುವ ಇಂಥ ಕಾಲದಲ್ಲಿ ಮೇ ಅವರ ವಾದ್ಯವು ಹುಟ್ಟಿತು.

೨

೧೯೬೩ರ ಆಗಸ್ಟಿನಲ್ಲಿ, ಲಂಡನ್ನಿನ ಪಶ್ಚಿಮಕ್ಕಿರುವ ಫೆಲ್ತಮಿನ ತಮ್ಮ ಮನೆಯಲ್ಲಿ, ಹದಿನಾರು ವರ್ಷದ ಬ್ರಿಯಾನ್ ಮೇ ಮತ್ತು ಆತನ ತಂದೆ ಹೆರಾಲ್ಡ್ ಮೇ ಗಿಟಾರೊಂದನ್ನು ಕಟ್ಟಲು ತೊಡಗಿದರು. ಆ ಕಾಲದ ಯುವಕರು ಬಯಸುತ್ತಿದ್ದ ಫೆಂಡರ್ ಸ್ಟ್ರಾಟೊಕಾಸ್ಟರನ್ನು ಕೊಳ್ಳುವ ಅನುಕೂಲ ಆ ಸಂಸಾರಕ್ಕಿರಲಿಲ್ಲ. ತಂದೆಯು ಎಲೆಕ್ಟ್ರಾನಿಕ್ಸ್ ಬಲ್ಲವರು, ಕೈಕೆಲಸದಲ್ಲಿ ನಿಪುಣರು. ಕೆಲಸವು ಸುಮಾರು ಎರಡು ವರ್ಷ ನಡೆಯಿತು.

ಹಳೆಯ ಮನೆಯೊಂದರ ಅಗ್ಗಿಷ್ಟಿಕೆಯ ಮೇಲ್ಚೌಕಟ್ಟಿನ ಮಹಾಗನಿ ಮರವು ಗಿಟಾರಿನ ಕತ್ತಾಯಿತು. ಅದರಲ್ಲಿದ್ದ ಹುಳು ಕೊರೆದ ರಂಧ್ರಗಳನ್ನು ಬೆಂಕಿಕಡ್ಡಿಗಳಿಂದ ಮುಚ್ಚಲಾಯಿತು. ಒಡಲಿಗೆ ಹಳೆಯ ಮೇಜಿನ ಓಕ್ ಮರವೂ ಅಂಟುಹಲಗೆಯೂ ಒದಗಿದವು. ತಂತಿಗಳನ್ನು ಸಡಿಲಿಸಿ ಬಿಗಿಗೊಳಿಸುವ ಟ್ರೆಮೊಲೊ ಎಂಬ ಏರ್ಪಾಡು ಉಕ್ಕಿನ ಅಲಗಿನ ಮೇಲೆ ತೂಗುವಂತಿದ್ದು, ಅದಕ್ಕೆ ಹಳೆಯ ಪ್ಯಾಂಥರ್ ಮೋಟಾರುಸೈಕಲ್ಲಿನ ಎರಡು ವಾಲ್ವು ಸ್ಪ್ರಿಂಗುಗಳನ್ನು ಅಳವಡಿಸಲಾಯಿತು. ಅದರ ಹಿಡಿಕೆಯು ಸೈಕಲ್ಲಿನ ಚೀಲದ ಆಧಾರಕಡ್ಡಿ. ತುದಿಯು ತಾಯಿಯ ಹೆಣಿಗೆಕಡ್ಡಿಯ ತುಂಡು. ಮೆಟ್ಟಿಲುಗಳ ನಡುವಣ ಗುರುತುಗಳು ತಾಯಿಯ ಹೊಲಿಗೆಪೆಟ್ಟಿಗೆಯ ಮುತ್ತಿನಚಿಪ್ಪಿನ ಗುಂಡಿಗಳು. ಮೊದಲು ಪಿಕಪ್ಪುಗಳನ್ನೂ ಮನೆಯಲ್ಲಿಯೇ ಸುತ್ತಲಾಯಿತು. ಆದರೆ ತಂತಿಯನ್ನು ಅಡ್ಡಕ್ಕೆ ಎಳೆದಾಗ ಅವುಗಳಿಂದ ಅಸಹಜ ಧ್ವನಿ ಬರುತ್ತಿದ್ದುದರಿಂದ ಬರ್ನ್ಸ್ ಕಂಪನಿಯ ಟ್ರೈಸಾನಿಕ್ ಪಿಕಪ್ಪುಗಳನ್ನು ಕೊಂಡು, ಸುರುಳಿ ಅದುರದಂತೆ ಅರಾಲ್ಡೈಟ್ ಅಂಟನ್ನು ತುಂಬಲಾಯಿತು.

ಗುಜರಿ ಸಾಮಾನಿನಿಂದ ಆಯಿತೆಂಬ ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನಾವು ಗಮನಿಸಬೇಕಾದುದು ಅದರ ಹಿಂದಿನ ವಿಚಾರವನ್ನು. ಒಡಲಿನಲ್ಲಿ ಟೊಳ್ಳುಗಳನ್ನು ಬಿಟ್ಟುದು ಆಕಸ್ಮಿಕವಲ್ಲ. ಸ್ಪೀಕರಿನ ಧ್ವನಿಗೆ ಮರವು ಮರುಕಂಪಿಸಿ ಸ್ವರವು ಬಹುಕಾಲ ನಿಲ್ಲಬೇಕೆಂಬುದು ನಿರ್ಮಾಪಕರ ಉದ್ದೇಶವಾಗಿತ್ತು. ಮೂರು ಪಿಕಪ್ಪುಗಳಲ್ಲಿ ಪ್ರತಿಯೊಂದಕ್ಕೂ ಎರಡು ಸ್ವಿಚ್ಚುಗಳಿವೆ. ಒಂದು ಅದನ್ನು ಚಾಲನೆಗೆ ತರುತ್ತದೆ ಅಥವಾ ನಿಲ್ಲಿಸುತ್ತದೆ. ಇನ್ನೊಂದು ಅದರ ವಿದ್ಯುತ್ತಿನ ದಿಸೆಯನ್ನು ತಿರುಗಿಸುತ್ತದೆ. ಸ್ಟ್ರಾಟೊಕಾಸ್ಟರಿನಲ್ಲಿ ಎರಡು ಪಿಕಪ್ಪುಗಳು ಕೂಡಿದಾಗ ಸಮಾಂತರವಾಗಿ ಸೇರುತ್ತವೆ. ಇಲ್ಲಿ ಒಂದರ ಹಿಂದೊಂದು ಸರಣಿಯಾಗಿ ಸೇರುತ್ತವೆ. ಸರಣಿಯಲ್ಲಿ ಸಂಕೇತದ ಬಲ ಹೆಚ್ಚುತ್ತದೆ, ಧ್ವನಿ ತುಂಬಿಕೊಳ್ಳುತ್ತದೆ. ದಿಸೆಗಳು ಪರಸ್ಪರ ವಿರುದ್ಧವಾದಾಗ ಕೆಳಗಿನ ಅಂಶಗಳು ಒಂದನ್ನೊಂದು ಅಳಿಸಿ ತೆಳುವಾದ, ಮೊನಚಾದ ಧ್ವನಿಯು ಉಳಿಯುತ್ತದೆ.

೩

ಗಿಟಾರು ಸಿದ್ಧವಾದ ಮಾತ್ರಕ್ಕೆ ಪ್ರಸಿದ್ಧವಾದ ನಾದ ಸಿದ್ಧವಾಗಲಿಲ್ಲ. ೧೯೬೦ರ ದಶಕದ ಕೊನೆಯ ವರ್ಷಗಳಲ್ಲಿ ಲಂಡನ್ನಿನ ಮಾರ್ಕೀ ಕ್ಲಬ್ಬಿನಲ್ಲಿ ಐರ್ಲೆಂಡಿನ ರೋರಿ ಗ್ಯಾಲಗರ್ ಅವರ ವಾದನವನ್ನು ಕೇಳಿದ ಮೇ, ಆ ಧ್ವನಿಯ ರಹಸ್ಯವೇನೆಂದು ಅವರನ್ನೇ ವಿಚಾರಿಸಿದರು. ಗ್ಯಾಲಗರ್ ಮುಚ್ಚುಮರೆಯಿಲ್ಲದೆ ತಿಳಿಸಿದುದು ಎರಡು ಸಾಧನಗಳನ್ನು: ವಾಕ್ಸ್ ಎಸಿ-೩೦ ಆಂಪ್ಲಿಫೈಯರು ಮತ್ತು ಡಲ್ಲಾಸ್ ರೇಂಜ್‌ಮಾಸ್ಟರ್ ಎಂಬ ಪೆಟ್ಟಿಗೆ. ಈ ಪ್ರಸಂಗವನ್ನು ಮೇ ಅವರೇ ಅನೇಕ ಸಂದರ್ಶನಗಳಲ್ಲಿ ನೆನೆದಿದ್ದಾರೆ.

ಎಸಿ-೩೦ ಕೆಂಟ್ ಪ್ರಾಂತದ ಡಾರ್ಟ್‌ಫರ್ಡಿನಲ್ಲಿ ಟಾಮ್ ಜೆನ್ನಿಂಗ್ಸ್ ಅವರ ಸಂಸ್ಥೆಯು ಹೊರತಂದ, ಡಿಕ್ ಡೆನಿ ಅವರು ರೂಪಿಸಿದ ಆಂಪ್ಲಿಫೈಯರು. ಇಎಲ್-೮೪ ಎಂಬ ನಾಲ್ಕು ವಾಲ್ವುಗಳಿಂದ ಅದು ಸುಮಾರು ೩೦ ವಾಟ್ ಶಕ್ತಿಯನ್ನು ನೀಡುತ್ತದೆ. ಹೊರಬರುವ ಸಂಕೇತದ ಒಂದಂಶವನ್ನು ಹಿಂದಕ್ಕೆ ಹಾಯಿಸಿ ವಿರೂಪವನ್ನು ತಗ್ಗಿಸುವ ಏರ್ಪಾಡು ಅದರ ಅಂತಿಮ ಘಟ್ಟದಲ್ಲಿಲ್ಲ. ಆದಕಾರಣ ಅದು ಥಟ್ಟನೆ ಒಡೆಯದೆ ಮೆಲ್ಲಮೆಲ್ಲನೆ ವಿರೂಪದೊಳಕ್ಕೆ ಜಾರುತ್ತದೆ. ರೇಂಜ್‌ಮಾಸ್ಟರು ಜರ್ಮೇನಿಯಮ್ ಟ್ರಾನ್ಸಿಸ್ಟರೊಂದನ್ನು ಒಳಗೊಂಡ ಸರಳ ಮಂಡಲ. ಅದರ ದ್ವಾರದಲ್ಲಿರುವ ಚಿಕ್ಕ ಕೆಪ್ಯಾಸಿಟರು ಮಂದ್ರಾಂಶವನ್ನು ತಡೆದು ಮೇಲಿನ ಅಂಶವನ್ನು ಹೆಚ್ಚಾಗಿ ಬಲಪಡಿಸುತ್ತದೆ. ಮೇ ಅವರು ಆಂಪ್ಲಿಫೈಯರಿನ ಧ್ವನಿಯನ್ನು ಪೂರ್ಣವಾಗಿ ಏರಿಸಿಟ್ಟು, ಗಿಟಾರಿನ ಗುಬುಟಿನಿಂದಲೇ ವಿರೂಪವನ್ನು ಹತೋಟಿಯಲ್ಲಿಟ್ಟರು. ಗುಬುಟನ್ನು ಇಳಿಸಿದರೆ ಸ್ವಚ್ಛವಾದ ಧ್ವನಿ. ಏರಿಸಿದರೆ ಹಾಡುವಂಥ ದೀರ್ಘಸ್ವರ.

ಇನ್ನೆರಡು ಕೊಂಡಿಗಳಿವೆ. ತಂತಿಯನ್ನು ಮೀಟಲು ಅವರು ಬಳಸುವುದು ಇಂಗ್ಲೆಂಡಿನ ಹಳೆಯ ಆರು ಪೆನ್ನಿಯ ನಾಣ್ಯ. ೧೯೮೦ರಲ್ಲಿ ಚಲಾವಣೆಯಿಂದ ಮರೆಯಾದ ಈ ನಾಣ್ಯದ ಹಲ್ಲುಹಲ್ಲಾದ ಅಂಚು ಸ್ವರದ ಆರಂಭಕ್ಕೆ ವ್ಯಂಜನದಂಥ ಒಂದು ಕೊರೆತವನ್ನು ಕೊಡುತ್ತದೆ. ಎರಡನೆಯದು, ವೃಂದದ ಜಾನ್ ಡೀಕನ್ ಅವರು ೧೯೭೨ರಲ್ಲಿ ಕಸದ ತೊಟ್ಟಿಯಲ್ಲಿ ಸಿಕ್ಕ ಟ್ರಾನ್ಸಿಸ್ಟರ್ ಮಂಡಲವನ್ನು ಸ್ಪೀಕರು ಪೆಟ್ಟಿಗೆಯೊಂದರಲ್ಲಿ ಕೂಡಿಸಿ, ೯ ವೋಲ್ಟಿನ ಬ್ಯಾಟರಿಯಿಂದ ನಡೆಸಿದ ಪುಟ್ಟ ಆಂಪ್ಲಿಫೈಯರು. ೧೯೭೫ರ 'ಎ ನೈಟ್ ಅಟ್ ದಿ ಆಪೆರಾ' ಸಂಪುಟದಲ್ಲಿ ಜಾಸ್ ವಾದ್ಯಮೇಳವನ್ನು ಗಿಟಾರಿನಿಂದಲೇ ಅನುಕರಿಸಿದುದು ಇದರ ನೆರವಿನಿಂದ.

೪

ಪುನಾರಚನೆಯ ಇತಿಹಾಸವೂ ದೀರ್ಘವಾದುದೇ. ೧೯೮೦ರ ದಶಕದ ನಡುವಣ ವರ್ಷಗಳಲ್ಲಿ ಅಮೆರಿಕದ ಗಿಲ್ಡ್ ಸಂಸ್ಥೆಯು ಈ ಗಿಟಾರಿನ ಮಾದರಿಯನ್ನು ಮಾರಾಟಕ್ಕೆ ತಂದಿತು. ೧೯೯೦ರ ದಶಕದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯದ ಗ್ರೆಗ್ ಫ್ರಯರ್ ಅವರು ಮೂರು ಪ್ರತಿಗಳನ್ನು ಕಟ್ಟಿದರು. ೧೯೯೮ರಲ್ಲಿ ಮೂಲವಾದ್ಯದ ಜೀರ್ಣೋದ್ಧಾರವನ್ನೂ ಅವರೇ ಮಾಡಿದರು. ಡೀಕನ್ನರ ಪೆಟ್ಟಿಗೆಯ ಪ್ರತಿಯನ್ನು ಸಿದ್ಧಪಡಿಸಲು ಫ್ರಯರ್ ಮತ್ತು ನೈಜೆಲ್ ನೈಟ್ ಅವರಿಗೆ ಹಲವು ವರ್ಷಗಳ ಪರಿಶ್ರಮ ಬೇಕಾಯಿತು. ಕಸದಲ್ಲಿ ಸಿಕ್ಕುದನ್ನು ಮರಳಿ ಪಡೆಯುವುದು ಕೊಂಡುತಂದುದನ್ನು ಪಡೆಯುವುದಕ್ಕಿಂತ ಕಷ್ಟವೆಂಬುದು ಇದರಿಂದ ವಿದಿತವಾಗುತ್ತದೆ.

ಮನೆಯಲ್ಲಿ ಪ್ರಯತ್ನಿಸುವವರ ದಾರಿ ಬೇರೆ. ಅವರಲ್ಲಿ ಅನೇಕರು ಮುದ್ರಿಕೆಯಲ್ಲಿ ಕೇಳಿದ ಭಾರವಾದ ಧ್ವನಿಯನ್ನು ಅರಸಿ ವಿರೂಪವನ್ನೂ ಮಂದ್ರವನ್ನೂ ಒಟ್ಟಿಗೆ ಏರಿಸುತ್ತಾರೆ. ಫಲವಾಗಿ ಧ್ವನಿ ಕೆಸರಾಗುತ್ತದೆ. ಮೇಲಿನ ಸರಪಳಿಯನ್ನು ಅರಿತವನು ಇದಕ್ಕೆ ವಿರುದ್ಧವಾಗಿ ನಡೆಯುತ್ತಾನೆ. ಮೂರು ಪಿಕಪ್ಪುಗಳ ಸಾಧಾರಣ ಗಿಟಾರನ್ನು ಸರಣಿಜೋಡಣೆಗೆ ಬದಲಿಸಿ, ಸೇತುವೆಯ ಬಳಿಯ ಮತ್ತು ನಡುವಣ ಪಿಕಪ್ಪುಗಳನ್ನು ಒಂದೇ ದಿಸೆಯಲ್ಲಿ ಕೂಡಿಸುತ್ತಾನೆ. ಮಂದ್ರವನ್ನು ಆಂಪ್ಲಿಫೈಯರಿಗೆ ಮುಂಚೆಯೇ ತಗ್ಗಿಸಿ, ವಿರೂಪವು ಆಂಪ್ಲಿಫೈಯರಿನಲ್ಲಿಯೇ ಹುಟ್ಟುವಂತೆ ನೋಡಿಕೊಳ್ಳುತ್ತಾನೆ. ಅನಂತರ ಒಂದೊಂದು ಕೊಂಡಿಯನ್ನು ತೆಗೆದು, ಮತ್ತೆ ಸೇರಿಸಿ, ಯಾವುದರಿಂದ ಏನು ಬಂದಿತೆಂದು ಕಿವಿಯಿಂದ ಪರೀಕ್ಷಿಸುತ್ತಾನೆ. ಗ್ರಂಥಸಂಪಾದಕನು ಪಾಠಾಂತರಗಳನ್ನು ತೂಗುವ ಕ್ರಮವೂ ಇಂಥದೇ.

ಆದರೆ ಒಂದು ತೊಡಕು ಉಳಿಯುತ್ತದೆ. ಪೂರ್ಣವಾಗಿ ಏರಿಸಿದ ೩೦ ವಾಟಿನ ವಾಲ್ವು ಆಂಪ್ಲಿಫೈಯರನ್ನು ವಾಸದ ಮನೆಯಲ್ಲಿ ಸಹಿಸಲಾಗದು. ಒಂದೆರಡು ವಾಟಿನ ಚಿಕ್ಕ ಆಂಪ್ಲಿಫೈಯರು, ಸ್ಪೀಕರಿಗೆ ಮುನ್ನ ಶಕ್ತಿಯನ್ನು ಹೀರುವ ಸಾಧನ, ಇಡೀ ಸರಪಳಿಯನ್ನು ಗಣಿತದಿಂದ ಅನುಕರಿಸುವ ಡಿಜಿಟಲ್ ಯಂತ್ರ—ಈ ಮೂರು ಉಪಾಯಗಳು ಇಂದು ಬಳಕೆಯಲ್ಲಿವೆ. ಇವು ವಿರೂಪವನ್ನು ಕೊಡಬಲ್ಲವು. ಆದರೆ ಸ್ಪೀಕರಿನ ಗಾಳಿಯು ಗಿಟಾರಿನ ಟೊಳ್ಳೊಡಲನ್ನು ತಟ್ಟಿ ತಂತಿಯನ್ನು ಮರಳಿ ಮಿಡಿಯುವ ಆ ಸುತ್ತು, ತಂದೆ ಮಗ ಇಬ್ಬರೂ ೧೯೬೩ರಲ್ಲಿಯೇ ಬಯಸಿದ್ದ ಆ ಸುತ್ತು, ತಗ್ಗಿದ ಧ್ವನಿಯಲ್ಲಿ ಸುಲಭವಾಗಿ ಪೂರ್ಣವಾಗದು. ಮನೆಯಲ್ಲಿ ಹುಟ್ಟಿದ ವಾದ್ಯದ ನಾದವು ಮನೆಯಲ್ಲಿ ಹಿಡಿಸದಷ್ಟು ದೊಡ್ಡದಾಯಿತು.

ಈಗ ಮೊದಲ ಪ್ರಶ್ನೆಗೆ ಮರಳಬಹುದು. ಫೆಲ್ತಮಿನ ತಂದೆಮಕ್ಕಳು ಅಗ್ಗಿಷ್ಟಿಕೆಯ ಮರವನ್ನು ಆರಿಸಿದುದು ಅದರಲ್ಲಿ ವಿಶೇಷ ನಾದವಿದೆಯೆಂದಲ್ಲ, ಅದು ಕೈಗೆ ಸಿಕ್ಕಿತೆಂದು. ಅದೇ ವಯಸ್ಸಿನ ಮಹಾಗನಿಯನ್ನೂ ಅದೇ ಮೋಟಾರುಸೈಕಲ್ಲಿನ ಸ್ಪ್ರಿಂಗನ್ನೂ ಹೆಚ್ಚಿನ ಬೆಲೆ ತೆತ್ತು ಅರಸುವವನು ಮೂಲದ ವಸ್ತುಗಳಿಗೆ ನಿಷ್ಠನಾಗಿ ಅದರ ವಿಧಾನವನ್ನು ಕೈಬಿಡುತ್ತಾನೆ. ವಸ್ತುನಿಷ್ಠೆ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಫ್ರಯರ್ ಅವರಂಥವರ ಅಳತೆಗಳಿಲ್ಲದಿದ್ದರೆ ಸರಪಳಿಯ ಎಷ್ಟೋ ಅಂಶಗಳು ನಮಗೆ ತಿಳಿಯುತ್ತಿರಲಿಲ್ಲ. ಆದರೆ ವಸ್ತುವು ಸಾಕ್ಷ್ಯವೇ ಹೊರತು ನಾದವಲ್ಲ. ಸರಣಿಜೋಡಣೆ, ಮಂದ್ರದ ತಡೆ, ಮೆಲ್ಲನೆ ಒಡೆಯುವ ವಾಲ್ವು, ನಾಣ್ಯದ ಅಂಚು, ಗುಬುಟಿನ ಮೇಲಿನ ಕಿರುಬೆರಳು ಇವುಗಳ ನಡುವಣ ಸಂಬಂಧವೇ ನಾದ. ಆ ಸಂಬಂಧವನ್ನು ಅರಿತ ವಿದ್ಯಾರ್ಥಿಯು ಸಾಧಾರಣ ಗಿಟಾರಿನಿಂದಲೂ ಅದರ ಬಳಿ ಸಾರಬಲ್ಲನು. ಅರಿಯದವನಿಗೆ ಮೂಲವಾದ್ಯವನ್ನೇ ಕೈಗೆ ಕೊಟ್ಟರೂ ಅದು ಮೌನವಾಗಿಯೇ ಉಳಿದೀತು.